ಅಮ್ಮನಿಗೊಂದು ಚಾಕು

ಹೋದ ವರ್ಷದವರೆಗೂ ನಮ್ಮನೆಯಲ್ಲಿ ತರಕಾರಿ ಹೆಚ್ಚುತ್ತಿದ್ದದ್ದು ಈಳಿಗೆಮಣೆಯಲ್ಲೇ. ಅಮ್ಮ ಮಣೆ ಎಳೆದುಕೊಂಡು ಕೂತಳೆಂದರೆ ಅರ್ಧ ಕೆಜಿ ಹುರುಳಿಕಾಯಿ ನೋಡ್ತಾ ನೋಡ್ತಾ ಮುಗಿದುಹೋಗುತ್ತಿತ್ತು. ಮಂಡಿ ನೋವು ಜಾಸ್ತಿಯಾಗಿ, ನೆಲದ ಮೇಲೆ ಕೂರಲೇಬೇಡಿ ಅಂತ ಡಾಕ್ಟರು ಹೇಳಿದ ಮೇಲೆ ಈಳಿಗೆಮಣೆ ಅಟ್ಟ ಸೇರಿತು.

ಅವಸರದಲ್ಲಿ ಆನ್‌ಲೈನಿನಲ್ಲಿ ಆರು ಚಾಕುಗಳ ಸೆಟ್ ತರಿಸಿದೆ. 799 ರೂಪಾಯಿ. ನಾಲ್ಕೇ ತಿಂಗಳಿಗೆ ಎಲ್ಲ ಮೊಂಡು. ಟೊಮೇಟೊ ಮೇಲೆ ಇಟ್ಟು ಒತ್ತಿದರೆ ಸಿಪ್ಪೆ ಒಳಕ್ಕೆ ಕುಸಿದು, ರಸವೆಲ್ಲ ಮಣೆ ಮೇಲೆ. ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ಧಾರಾಕಾರ ನೀರು, ಯಾಕೆಂದರೆ ಮೊಂಡು ಅಲಗು ಈರುಳ್ಳಿಯನ್ನು ಕತ್ತರಿಸುವುದಕ್ಕಿಂತ ಜಾಸ್ತಿ ಜಜ್ಜುತ್ತದೆ. ಒಂದು ದಿನ ಚಾಕು ಜಾರಿ ಅಮ್ಮನ ಹೆಬ್ಬೆರಳಿಗೇ ಬಂತು. ಮೊಂಡು ಚಾಕುವಿಗೆ ಬಲ ಹಾಕಬೇಕು, ಬಲ ಹಾಕಿದಾಗಲೇ ಅದು ಜಾರುವುದು. ಅವತ್ತು ನನಗೆ ತುಂಬಾ ಬೇಜಾರಾಯಿತು.

ಆಮೇಲೆ ಅಮ್ಮನನ್ನೇ ಕರೆದುಕೊಂಡು ಮೈಸೂರಿನ ದೇವರಾಜ ಮಾರುಕಟ್ಟೆ ಹತ್ತಿರದ ಪಾತ್ರೆ ಅಂಗಡಿಗೆ ಹೋದೆ. ಅಂಗಡಿಯವರು ಐದಾರು ಚಾಕು ಮುಂದಿಟ್ಟು, "ಕೈಯಲ್ಲಿ ಹಿಡಿದು ನೋಡಿ ಅಮ್ಮಾ" ಅಂದರು. ಚಾಕು ಕೊಳ್ಳುವಾಗ ಮೊದಲು ಮಾಡಬೇಕಾದ ಕೆಲಸ ಅದೇ, ಅಲ್ವಾ? ಅಮ್ಮನ ಕೈ ಚಿಕ್ಕದು. ಎಂಟು ಇಂಚಿನದು ಭಾರವಾಯಿತು, ಆರು ಇಂಚಿನದು ಸರಿಹೋಯಿತು. ಮರದ ಹಿಡಿ, ಮೂರು ರಿವೆಟ್ಟು. ಅಲಗಿನ ಉಕ್ಕು ಹಿಡಿಯ ತುದಿವರೆಗೂ ಹೋಗಿರುವುದು ಪಕ್ಕದಿಂದಲೇ ಕಾಣುತ್ತಿತ್ತು. ಹಳೇ ಸೆಟ್ಟಿನಲ್ಲಿ ಉಕ್ಕು ಪ್ಲಾಸ್ಟಿಕ್ಕಿನೊಳಗೆ ಹೆಬ್ಬೆರಳುದ್ದ ಇತ್ತು, ಅಷ್ಟೇ. ಹಿಡಿ ಅಲ್ಲಾಡುತ್ತಿದ್ದದ್ದು ಅದಕ್ಕೇ.

ಗರಗಸದ ಹಾಗೆ ಹಲ್ಲಿರುವ ಚಾಕುವನ್ನು ಮಾತ್ರ ಬೇಡ ಅಂದೆ. ಬ್ರೆಡ್ಡಿಗೆ ಅದು ಚೆನ್ನ. ಆದರೆ ಹಲ್ಲು ಸವೆದರೆ ಮನೆಯಲ್ಲಿ ಮಸೆಯುವುದು ಕಷ್ಟ. ಕಾರ್ಬನ್ ಸ್ಟೀಲಿನದು ಒಳ್ಳೇ ಹರಿತ ಬರುತ್ತದೆ, ಆದರೆ ಹುಣಸೆಹಣ್ಣು, ನಿಂಬೆಹಣ್ಣು ತಾಗಿ ಒರೆಸದೆ ಬಿಟ್ಟರೆ ಕಪ್ಪಾಗಿ ತುಕ್ಕು ಹಿಡಿಯುತ್ತದೆ. ನಮ್ಮ ಅಡುಗೆಗೆ ಸ್ಟೇನ್‌ಲೆಸ್ಸೇ ಸಾಕು. 380 ರೂಪಾಯಿ ಆಯಿತು.

ಉಳಿಸಿದ ದುಡ್ಡನ್ನು ಸಾಣೆಕಲ್ಲಿಗೆ ಹಾಕಿದೆ. ಒಂದು ಬದಿ 400 ನಂಬರು, ಅಂದರೆ ಒರಟು; ಇನ್ನೊಂದು ಬದಿ 1000, ಅದು ನಯ. ಎರಡು ಸಾವಿರದ ಚಾಕು ತಂದರೂ ಇದಿಲ್ಲದಿದ್ದರೆ ಒಂದು ವರ್ಷದಲ್ಲಿ ಅದೂ ಮೊಂಡಾಗುತ್ತದೆ, ಇದು ನನ್ನ ಗಟ್ಟಿ ನಂಬಿಕೆ. ಕಲ್ಲನ್ನು ಹತ್ತು ನಿಮಿಷ ನೀರಲ್ಲಿ ನೆನೆಸಿ, ಒದ್ದೆ ಬಟ್ಟೆ ಮೇಲೆ ಇಡುತ್ತೇನೆ. ಅಲಗಿನ ಬೆನ್ನಿನ ಕೆಳಗೆ ಕಿರುಬೆರಳು ತೂರುವಷ್ಟು ಎತ್ತಿದರೆ ಹೆಚ್ಚುಕಡಿಮೆ 20 ಡಿಗ್ರಿ ಕೋನ. ಅದೇ ಕೋನದಲ್ಲಿ ನಿಧಾನಕ್ಕೆ ಎಳೆಯುತ್ತಾ ಹೋದರೆ, ಸ್ವಲ್ಪ ಹೊತ್ತಿಗೆ ಇನ್ನೊಂದು ಬದಿಯ ಅಂಚಿನಲ್ಲಿ ಕೂದಲೆಳೆಯಂಥ ತರಿ ಬೆರಳಿಗೆ ಸಿಗುತ್ತದೆ. ಆಗ ಮಗುಚಿ ಆ ಬದಿ. ಕೊನೆಗೆ ಒಂದು ನ್ಯೂಸ್‌ಪೇಪರ್ ಹಾಳೆ ಗಾಳಿಯಲ್ಲಿ ಹಿಡಿದು ಎಳೆದು ನೋಡುತ್ತೇನೆ. ತಡೆಯದೆ ಸೀಳಿದರೆ ಆಯಿತು.

ಗಾಜಿನ ಮಣೆ, ಗ್ರಾನೈಟ್ ಕಟ್ಟೆ ಮೇಲೆ ಮಾತ್ರ ದಯವಿಟ್ಟು ಹೆಚ್ಚಬೇಡಿ. ಹರಿತ ಅಲ್ಲೇ ಸತ್ತುಹೋಗುತ್ತದೆ. ಮರದ್ದು ಇರಲಿ.

ಈಗ ಅಮ್ಮ ಊಟದ ಮೇಜಿನ ಹತ್ತಿರ ಕುರ್ಚಿಯಲ್ಲಿ ಕೂತು ಹೆಚ್ಚುತ್ತಾಳೆ. ಮೊನ್ನೆ ಹುರುಳಿಕಾಯಿ ಮುಗಿಸಿ, ಚಾಕು ತೊಳೆದು ಒರೆಸಿಟ್ಟು, "ಸ್ವಲ್ಪ ಹಿಡೀತಿದೆ ಕಣೋ, ಭಾನುವಾರ ಮಸೆದುಕೊಡು" ಅಂದಳು.