ಹೆಂಡತಿ ಚಟ ಬಿಡಿಸಿದಳಂತೆ, ಹೌದೇ?

ಅಮೆರಿಕದ ಟೆನೆಸ್ಸೀ ರಾಜ್ಯದ ನ್ಯಾಶ್‌ವಿಲ್‌ನ ಸುತ್ತಮುತ್ತ ವಾಸಿಸುವ ನಮ್ಮಂಥವರು ಊರಿನಿಂದ ಬಂದ ನೆಂಟರನ್ನು ಕರೆದುಕೊಂಡು ಹೋಗುವ ಜಾಗಗಳಲ್ಲಿ, ‘ಕಂಟ್ರಿ’ ಸಂಗೀತದ ಹೆಸರಾಂತ ಹಾಡುಗಾರ ಜಾನಿ ಕ್ಯಾಶ್ ಅವರ ಮ್ಯೂಸಿಯಂ ಒಂದು. ನಾನು ಹಳ್ಳಿಗಾಡಿನ ಈ ಅಮೆರಿಕನ್ ಸಂಗೀತವನ್ನು ಬಹುಕಾಲದಿಂದ ಕೇಳುತ್ತ ಬಂದವಳೆಂದು ತಿಳಿದವರು ಅಲ್ಲಿಂದ ಹೊರಬರುವಾಗ ತಪ್ಪದೆ ಕೇಳುವ ಪ್ರಶ್ನೆ ಒಂದಿದೆ: “ಅವನ ಮಾತ್ರೆಯ ಚಟವನ್ನು ಎರಡನೆಯ ಹೆಂಡತಿ ತಾನೇ ಬಿಡಿಸಿದ್ದು?” ಕೇಳುವ ಧಾಟಿಯಲ್ಲೇ ಉತ್ತರವೂ ಇರುತ್ತದೆ, ನಾನು ತಲೆಯಾಡಿಸಿದರೆ ಸಾಕು ಎಂಬಂತೆ ಕಾಯುತ್ತಾರೆ. ಇನ್ನು ತಲೆಯಾಡಿಸಲು ನನಗೆ ಮನಸ್ಸಿಲ್ಲ. ಅಲ್ಲ, ಹೆಂಡತಿ ಬಿಡಿಸಲಿಲ್ಲ.

ಈ ನಂಬಿಕೆ ಬಹುಮಟ್ಟಿಗೆ ಕ್ಯಾಶ್ ಅವರ ಬದುಕನ್ನು ಆಧರಿಸಿ 2005ರಲ್ಲಿ ಬಂದ ಚಲನಚಿತ್ರದಿಂದ ಹುಟ್ಟಿದ್ದು. ಆ ಕಥೆ 1968ರಲ್ಲಿ, ಕ್ಯಾಶ್ ಅವರು ವೇದಿಕೆಯ ಮೇಲೆಯೇ, ಮುಂದೆ ಅವರ ಎರಡನೆಯ ಹೆಂಡತಿಯಾದ ಜೂನ್ ಕಾರ್ಟರ್ ಅವರಿಗೆ ಮದುವೆಯ ಮಾತನ್ನಾಡಿ ಒಪ್ಪಿಸುವಲ್ಲಿಗೆ ಹೆಚ್ಚುಕಡಿಮೆ ಮುಗಿದುಹೋಗುತ್ತದೆ. ಕ್ಯಾಶ್ ತೀರಿಕೊಂಡದ್ದು 2003ರ ಸೆಪ್ಟೆಂಬರ್‌ನಲ್ಲಿ. ನಡುವಿನ 35 ವರ್ಷಗಳ ಬದುಕನ್ನು ಲೆಕ್ಕಕ್ಕೆ ಹಿಡಿಯದೆ ಒಬ್ಬ ಮನುಷ್ಯ ಚಟದಿಂದ ಹೊರಬಂದ ಕಥೆಯನ್ನು ಹೇಳಲು ಸಾಧ್ಯವಿಲ್ಲ.

ಅವರು ಆಂಫೆಟಮಿನ್ ಮಾತ್ರೆಗೆ ಕೈಹಾಕಿದ್ದು 1957ರ ಸುಮಾರಿಗೆ. ರಾತ್ರಿಯಿಡೀ ಕಾರು ಓಡಿಸಿ ಮರುದಿನ ಇನ್ನೊಂದು ಊರಿನಲ್ಲಿ ಹಾಡಬೇಕಾದವರು ನಿದ್ದೆ ತಡೆಯಲು ಅದನ್ನು ನುಂಗುತ್ತಿದ್ದರು. ವೈದ್ಯರ ಚೀಟಿಯ ಮೇಲೆ ಸಲೀಸಾಗಿ ಸಿಗುತ್ತಿದ್ದುದರಿಂದ ಅದನ್ನು ಯಾರೂ ದೊಡ್ಡ ಅಪರಾಧವೆಂದು ಎಣಿಸಿರಲಿಲ್ಲ. ಎಚ್ಚರವಾಗಿರಲು ಒಂದು ಬಗೆಯ ಮಾತ್ರೆ, ಆ ಎಚ್ಚರವನ್ನು ಇಳಿಸಿ ಮಲಗಲು ಇನ್ನೊಂದು ಬಗೆಯದು, ದೇಹ ಒಗ್ಗಿಕೊಂಡಂತೆಲ್ಲ ಎರಡರ ಪ್ರಮಾಣವೂ ಏರುತ್ತಿತ್ತು. 1965ರ ಅಕ್ಟೋಬರ್‌ನಲ್ಲಿ ಮೆಕ್ಸಿಕೋ ಗಡಿಯ ಎಲ್ ಪಾಸೊ ನಗರದಲ್ಲಿ ಅವರನ್ನು ಬಂಧಿಸಿದಾಗ ಗಿಟಾರ್ ಪೆಟ್ಟಿಗೆಯಲ್ಲಿ ಸಿಕ್ಕಿದ್ದು 688 ಉತ್ತೇಜಕ ಮಾತ್ರೆಗಳು ಮತ್ತು 475 ಶಾಮಕ ಮಾತ್ರೆಗಳು. ಅದೇ ವರ್ಷ ಅವರು ನ್ಯಾಶ್‌ವಿಲ್‌ನ ಹೆಸರಾಂತ ಸಂಗೀತ ಕಾರ್ಯಕ್ರಮ ಗ್ರ್ಯಾಂಡ್ ಓಲ್ ಓಪ್ರಿಯ ವೇದಿಕೆಯ ಅಂಚಿನ ದೀಪಗಳನ್ನು ಮೈಕ್ ಸ್ಟ್ಯಾಂಡಿನಿಂದ ಒಡೆದುಹಾಕಿದ್ದರು.

1967ರ ಕೊನೆಯಲ್ಲಿ ಮಾತ್ರೆ ಬಿಡುವ ಹೊತ್ತಿನಲ್ಲಿ ಜೂನ್ ಅವರು ಕ್ಯಾಶ್ ಜೊತೆ ನಿಂತದ್ದು ನಿಜ, ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ ನ್ಯಾಶ್‌ವಿಲ್ ಬಳಿಯ ಹೆಂಡರ್ಸನ್‌ವಿಲ್‌ನಲ್ಲಿದ್ದ ಕ್ಯಾಶ್ ಅವರ ಕೆರೆಯಂಚಿನ ಮನೆಯಲ್ಲಿ ಜೂನ್ ಒಬ್ಬರೇ ಇರಲಿಲ್ಲ. ಜೂನ್ ಅವರ ತಾಯಿ ಮೇಬೆಲ್, ತಂದೆ ಎಜ್ರಾ ಇಬ್ಬರೂ ಬಂದು ನಿಂತು, ಮಾತ್ರೆ ತಂದುಕೊಡುವವರು ಒಳಗೆ ಬಾರದಂತೆ ಕಾದರು. ಅದಕ್ಕಿಂತ ಮುಖ್ಯವಾಗಿ ಅಲ್ಲಿ ನ್ಯಾಟ್ ವಿನ್‌ಸ್ಟನ್ ಎಂಬ ಮನೋವೈದ್ಯರಿದ್ದರು. ಆಗ ಟೆನೆಸ್ಸೀ ರಾಜ್ಯದ ಮಾನಸಿಕ ಆರೋಗ್ಯ ಇಲಾಖೆಯ ಮುಖ್ಯಸ್ಥರೇ ಅವರು. ಇಷ್ಟೆಲ್ಲ ಕೂಡಿ ಕ್ಯಾಶ್ ಅವರನ್ನು ಕೆಲವು ವರ್ಷಗಳ ಮಟ್ಟಿಗೆ ಮೇಲೆತ್ತಿದವು. 1968ರ ಜನವರಿ 13ರಂದು ಫೋಲ್ಸಮ್ ಸೆರೆಮನೆಯ ಕೈದಿಗಳ ಮುಂದೆ ಹಾಡಿದ ಕಾರ್ಯಕ್ರಮ, ಮಾರ್ಚ್ 1ರ ಮದುವೆ, ಮರುವರ್ಷ ಸ್ವಂತ ಟೆಲಿವಿಷನ್ ಕಾರ್ಯಕ್ರಮ, ಎಲ್ಲವೂ ಆ ಕಾಲದವು.

ಮತ್ತೆ ಮಾತ್ರೆ ಬಂತು. 1970ರ ದಶಕದ ಕೊನೆಯ ವೇಳೆಗೆ ಅವರು ಪುನಃ ಅದರ ಹಿಡಿತದಲ್ಲಿದ್ದರು. 1981ರಲ್ಲಿ ತಾವೇ ಸಾಕಿದ್ದ ಆಸ್ಟ್ರಿಚ್ ಪಕ್ಷಿಯ ಒದೆತಕ್ಕೆ ಪಕ್ಕೆಲುಬು ಮುರಿದು, ನೋವಿಗೆಂದು ಕೊಟ್ಟ ಔಷಧಿ ಹಳೆಯ ಹಸಿವನ್ನು ಇನ್ನಷ್ಟು ಕೆರಳಿಸಿತು. 1983ರ ಕೊನೆಯಲ್ಲಿ ಹೊಟ್ಟೆಯ ರಕ್ತಸ್ರಾವಕ್ಕಾಗಿ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದಾಗ, ಮನೆಯವರೆಲ್ಲ ಒಟ್ಟಾಗಿ ಹಾಸಿಗೆಯ ಸುತ್ತ ನಿಂತು, ಅವರ ಚಟದಿಂದ ತಾವು ಪಟ್ಟ ಪಾಡನ್ನು ಮುಖಕ್ಕೇ ಹೇಳಿದರು. ಆಮೇಲೆಯೇ ಅವರು ಕ್ಯಾಲಿಫೋರ್ನಿಯಾದ ಬೆಟ್ಟಿ ಫೋರ್ಡ್ ಸೆಂಟರ್ ಎಂಬ ವ್ಯಸನ ಚಿಕಿತ್ಸಾ ಕೇಂದ್ರ ಸೇರಲು ಒಪ್ಪಿದ್ದು. ಅದೂ ಕೊನೆಯ ಸಲದ ಚಿಕಿತ್ಸೆ ಆಗಲಿಲ್ಲ. ಜೂನ್ ಅವರೂ ಮುಂದೆ ವೈದ್ಯರು ಬರೆದುಕೊಟ್ಟ ಮಾತ್ರೆಗಳಿಗೆ ಅಂಟಿಕೊಂಡಿದ್ದರೆಂದು ಮಗ ಜಾನ್ ಕಾರ್ಟರ್ ಕ್ಯಾಶ್ ಅವರೇ ಬರೆದಿದ್ದಾರೆ. ಒಬ್ಬ ಹೆಂಗಸಿನ ತಲೆಯ ಮೇಲೆ ದೇವತೆಯ ಕಿರೀಟ ಇಟ್ಟುಬಿಟ್ಟರೆ, ಆಕೆಗೂ ಸಹಾಯ ಬೇಕಾಗಬಹುದೆಂಬುದು ಸುತ್ತಲಿನವರ ಕಣ್ಣಿಗೆ ಬೀಳುವುದೇ ಇಲ್ಲ.

ಇಷ್ಟು ವಿವರಿಸಲು ಕಾರಣವಿದೆ. ಮಗಳ ಮನೆಗೆಂದು ಬಂದಿದ್ದ ನಮ್ಮ ಕಡೆಯ ಹಿರಿಯರೊಬ್ಬರನ್ನು ಕೆಲವು ವರ್ಷಗಳ ಹಿಂದೆ ಈ ಮ್ಯೂಸಿಯಂಗೆ ಕರೆದೊಯ್ದಿದ್ದೆ. ಎಲ್ಲ ನೋಡಿ ಅವರಿಗೆ ಬಹಳ ಸಂತೋಷವಾಯಿತು. “ನಾವೂ ಅದನ್ನೇ ಅಲ್ಲವೇನಮ್ಮ ಹೇಳುವುದು? ನನ್ನ ತಂಗಿಯ ಮಗನೂ ಒಂದಿಷ್ಟು ಕುಡಿತಕ್ಕೆ ಬಿದ್ದಿದ್ದಾನೆ. ಒಳ್ಳೆಯ ಮನೆತನದ ಹುಡುಗಿ ಬಂದರೆ ತಾನಾಗಿ ಸರಿಹೋಗುತ್ತಾನೆ” ಎಂದರು. ಹುಡುಗಿಯ ಮನೆಯವರಿಗೆ ಈ ವಿಷಯ ತಿಳಿಸಿದ್ದೀರಾ ಎಂದು ಕೇಳಿದೆ. “ಇಂಥದ್ದನ್ನೆಲ್ಲ ಮೊದಲೇ ಹೇಳಿದರೆ ಯಾರಮ್ಮ ಹೆಣ್ಣು ಕೊಡುತ್ತಾರೆ?” ಎಂದು ಅವರು ನನ್ನನ್ನೇ ಕೇಳಿದರು.

ಅವರು ಕೆಟ್ಟವರಲ್ಲ, ತಂಗಿಯ ಸಂಕಟ ನೋಡಲಾರದೆ ಆಡಿದ ಮಾತು ಅದು. ಆದರೂ ನನಗೆ ತಡೆಯಲಾಗಲಿಲ್ಲ. ಮೊದಲು ಆ ಹುಡುಗನನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ, ವ್ಯಸನಕ್ಕೆ ಚಿಕಿತ್ಸೆ ಕೊಡುವ ವಿಭಾಗವೇ ಅಲ್ಲಿದೆ, ಮದುವೆಯ ಮಾತು ಆಮೇಲಿರಲಿ ಎಂದು ಕಾರಿನಲ್ಲಿ ಕುಳಿತ ಮೇಲೂ ಹೇಳುತ್ತಲೇ ಹೋದೆ. ಅವರ ಮಗಳಿಗೆ ಮುಜುಗರವಾಯಿತು. ಅಂದು ಆಡಿದ ಒಂದು ಮಾತನ್ನೂ ನಾನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಹೆಂಡತಿ ಬಂದರೆ ಗಂಡ ಸರಿಹೋಗುತ್ತಾನೆ ಎಂದವರೇ, ಅವನು ಸರಿಹೋಗದಿದ್ದಾಗ ಅವಳ ಕಾಲ್ಗುಣದ ಮಾತೆತ್ತುವುದನ್ನು ನಾನು ನಮ್ಮ ಊರಿನ ಮನೆಗಳಲ್ಲಿ ಕಂಡಿದ್ದೇನೆ.

ಕೇಳಲೇಬೇಕೆಂದಿದ್ದರೆ ಮೊದಲ ಹೆಂಡತಿಯ ವಿಷಯ ಕೇಳಿ. ಎರಡನೆಯವರ ಪ್ರೀತಿ ಉಳಿಸಿತೆಂದರೆ ಮೊದಲನೆಯವರ ಪ್ರೀತಿ ಸಾಲದಾಗಿತ್ತು ಎಂದಂತಾಗುತ್ತದೆ, ಮತ್ತು ಅದು ಸುಳ್ಳು. ವಿವಿಯನ್ ಲಿಬರ್ಟೊ ಅವರು ಕ್ಯಾಶ್ ಅವರನ್ನು ಮದುವೆಯಾದದ್ದು 1954ರಲ್ಲಿ, ಅವರ ಹೆಸರನ್ನು ಇನ್ನೂ ಯಾರೂ ಕೇಳಿರದಿದ್ದಾಗ. ಜೂನ್ ಅವರಿಗಾಗಿ ಬರೆದದ್ದೆಂದು ಹಲವರು ತಿಳಿದಿರುವ ‘ಐ ವಾಕ್ ದ ಲೈನ್’ ಹಾಡನ್ನು ಕ್ಯಾಶ್ 1956ರಲ್ಲಿ ಬರೆದದ್ದು ವಿವಿಯನ್ ಅವರಿಗೆ ಕೊಟ್ಟ ನಿಷ್ಠೆಯ ಮಾತಾಗಿ. ಗಂಡ ಊರೂರು ತಿರುಗುತ್ತಿದ್ದಾಗ ನಾಲ್ಕು ಹೆಣ್ಣುಮಕ್ಕಳನ್ನು ಕ್ಯಾಲಿಫೋರ್ನಿಯಾದ ಕಸೀಟಸ್ ಸ್ಪ್ರಿಂಗ್ಸ್‌ನ ಮನೆಯಲ್ಲಿ ಸಾಕಿದವರು ಅವರು. ಎಲ್ ಪಾಸೊ ಪ್ರಕರಣದಲ್ಲಿ ಗಂಡನ ಪಕ್ಕದಲ್ಲಿ ನಿಂತು ನ್ಯಾಯಾಲಯಕ್ಕೂ ಹೋದರು. ಅಲ್ಲಿ ತೆಗೆದ ಚಿತ್ರವನ್ನು ಮುಂದಿಟ್ಟುಕೊಂಡು ಜನಾಂಗದ್ವೇಷದ ಪತ್ರಿಕೆಯೊಂದು ಆಕೆ ಕಪ್ಪು ಜನಾಂಗದವರೆಂದು ಬರೆದು ಕ್ಯಾಶ್ ವಿರುದ್ಧ ಜನರನ್ನು ಎತ್ತಿಕಟ್ಟಿತು, ಬೆದರಿಕೆಗಳು ಬಂದವು. ಗಂಡನ ಗಿಟಾರ್ ಪೆಟ್ಟಿಗೆಯ ಮಾತ್ರೆಗಳ ಫಲವನ್ನು ಉಂಡವರಲ್ಲಿ ಮೊದಲಿಗರು ವಿವಿಯನ್. 1966ರಲ್ಲಿ ವಿಚ್ಛೇದನಕ್ಕೆ ಅರ್ಜಿ ಹಾಕಿ, ಮಕ್ಕಳೊಂದಿಗೆ ಆ ಬದುಕಿನಿಂದ ಹೊರಬಂದರು. ಅದನ್ನು ಸೋಲು ಎನ್ನುವವರ ಜೊತೆ ನನಗೆ ವಾದವೂ ಬೇಡ.

ಕ್ಯಾಶ್ ತೀರಿಕೊಳ್ಳುವ ವರ್ಷ ವಿವಿಯನ್ ಹೋಗಿ ಅವರನ್ನು ಕಂಡು, ತಾವು ಆತ್ಮಕಥೆ ಬರೆಯುವುದಾಗಿ ಹೇಳಿದಾಗ ಕ್ಯಾಶ್ ಸಂತೋಷದಿಂದ ಒಪ್ಪಿದರು. ವಿವಿಯನ್ 2005ರ ಮೇ ತಿಂಗಳಲ್ಲಿ ತೀರಿಕೊಂಡರು. ಅವರ ಪುಸ್ತಕ ಹೊರಬಂದದ್ದು 2007ರಲ್ಲಿ. ಚಲನಚಿತ್ರ ಅದಕ್ಕೆ ಮೊದಲೇ ಬಂದು, ಅವರನ್ನು ಗಂಡನ ಹಾಡುಗಾರಿಕೆಯನ್ನು ಸಹಿಸದ ಹೆಂಗಸಿನಂತೆ ತೋರಿಸಿಬಿಟ್ಟಿತ್ತು. ಮಗಳು ಕ್ಯಾಥಿ ಅದನ್ನು ಬಹಿರಂಗವಾಗಿಯೇ ಆಕ್ಷೇಪಿಸಿದರು, ಮತ್ತು ಆ ಆಕ್ಷೇಪ ನ್ಯಾಯವಾದದ್ದು.