ಈಸ್ಟರ್ ಒಳಗೆ ಹನ್ನೆರಡು ಕುದುರೆ

ಜನವರಿ 18, ಶನಿವಾರ

ಈ ವರ್ಷ ಈಸ್ಟರ್ ಏಪ್ರಿಲ್ 20ಕ್ಕೆ. ಅಷ್ಟರೊಳಗೆ ಹನ್ನೆರಡು ಚಿತ್ರ ಮುಗಿಸಬೇಕು. ಎಲ್ಲವೂ ಇದ್ದಿಲಲ್ಲಿ, ಎಲ್ಲವೂ 18 ಇಂಚು ಅಗಲ 24 ಇಂಚು ಎತ್ತರದ ಕಾಗದದಲ್ಲಿ, ಎಲ್ಲದರಲ್ಲೂ ಕುದುರೆ. ಹೆಂಡತಿಗೆ ಹೇಳಿಬಿಟ್ಟಿದ್ದೇನೆ, ಇನ್ನು ತಪ್ಪಿಸಿಕೊಳ್ಳುವ ಹಾಗಿಲ್ಲ.

ನಾವಿರುವುದು ಟೆಕ್ಸಸ್‌ನ ವೆದರ್‌ಫರ್ಡ್ ಪಕ್ಕದಲ್ಲಿ, ಫೋರ್ಟ್ ವರ್ತ್‌ನಿಂದ ಪಶ್ಚಿಮಕ್ಕೆ. ಕಟಿಂಗ್ ಕುದುರೆಗಳಿಗೆ ಇಡೀ ಜಗತ್ತಿನ ರಾಜಧಾನಿ ತಾನೇ ಅಂತ ಈ ಊರು ಹೇಳಿಕೊಳ್ಳುತ್ತದೆ. ಕಟಿಂಗ್ ಅಂದರೆ ಹಿಂಡಿನಿಂದ ಒಂದು ದನವನ್ನು ಬೇರೆ ಮಾಡಿ, ಅದು ಮತ್ತೆ ಹಿಂಡು ಸೇರದ ಹಾಗೆ ಕುದುರೆ ಅಡ್ಡ ನಿಲ್ಲುವುದು. ಸ್ಪರ್ಧೆಯಲ್ಲಿ ಎರಡೂವರೆ ನಿಮಿಷ ಸಿಗುತ್ತದೆ. ದನ ಬೇರೆಯಾದ ಮೇಲೆ ಸವಾರ ಲಗಾಮಿನ ಕೈ ಇಳಿಸಿ ಕುದುರೆಯ ಕುತ್ತಿಗೆ ಮೇಲೆ ಸುಮ್ನೆ ಇಡಬೇಕು. ಅಲ್ಲಿಂದ ಮುಂದೆ ಎಲ್ಲ ಕುದುರೆಯದೇ ಕೆಲಸ. ಮಧ್ಯೆ ಲಗಾಮು ಜಗ್ಗಿದರೆ ಅಂಕ ಹೋಗುತ್ತದೆ. ಆ ಇಳಿದ ಕೈ ನೋಡಿದ ದಿನವೇ ಇದನ್ನು ಬರೆಯಬೇಕು ಅನ್ನಿಸಿತ್ತು.

ನಾನು ಹುಬ್ಬಳ್ಳಿಯವನು. ಬಾಸೆಲ್ ಮಿಶನ್ ಕಾಲದಿಂದ ಕ್ರೈಸ್ತ ಸಭೆಯಲ್ಲಿರುವ ಮನೆತನ. ಚಿಕ್ಕಂದಿನಲ್ಲಿ ನನಗೆ ಕುದುರೆ ಅಂದರೆ ಟಾಂಗಾ ಕುದುರೆ: ಕಣ್ಣಿನ ಎರಡೂ ಪಕ್ಕ ಚರ್ಮದ ಪಟ್ಟಿ, ಬಾಯಿಗೆ ಹುಲ್ಲಿನ ಚೀಲ. ಇದ್ದಿಲು ಅಂದರೆ ಅಜ್ಜಿಯ ಇಸ್ತ್ರಿ ಪೆಟ್ಟಿಗೆಯದು. ಆರಿದ ಚೂರು ಕದ್ದು ಹಿತ್ತಲ ಗೋಡೆ ಮೇಲೆ ಗೀಚಿ ಏಟು ತಿಂದಿದ್ದೇನೆ. ಈಗ ಅದನ್ನೇ ಡಾಲರ್ ಕೊಟ್ಟು ಪೆಟ್ಟಿಗೆಯಲ್ಲಿ ತರಿಸುತ್ತೇನೆ.

ಚಿತ್ರಗಳಿಗೆ ದಾರ ಬೈಬಲಿನ ಯೋಬನ ಪುಸ್ತಕದ 39ನೇ ಅಧ್ಯಾಯ. 19ನೇ ವಚನದಿಂದ ಕುದುರೆಯ ಮಾತು ಬರುತ್ತದೆ. ಕುದುರೆಗೆ ಆ ಬಲ ಕೊಟ್ಟವನು ನೀನೋ ಅಂತ ದೇವರು ಯೋಬನನ್ನು ಕೇಳುತ್ತಾನೆ. ಅದು ನೆಲ ಕೆರೆಯುತ್ತದೆ, ಭಯ ಕಂಡು ನಗುತ್ತದೆ, ದೂರದಿಂದಲೇ ಯುದ್ಧದ ವಾಸನೆ ಹಿಡಿಯುತ್ತದೆ. ಓದಿದರೆ ಮೈ ಜುಮ್ಮೆನ್ನುತ್ತದೆ. ಪ್ರತಿ ಚಿತ್ರಕ್ಕೂ ಅಲ್ಲಿಂದ ಒಂದು ಸಾಲು ಅಂತ ಲೆಕ್ಕ ಹಾಕಿದ್ದೇನೆ.

ಫೆಬ್ರವರಿ 1, ಶನಿವಾರ

ಮೂರು ಚಿತ್ರ ಆಯಿತು. ಮೂರೂ ಹಾಳು.

ನಾನು ಶನಿವಾರ ಬೆಳಿಗ್ಗೆ ಪಕ್ಕದ ಸಣ್ಣ ರಾಂಚ್‌ಗೆ ಹೋಗುತ್ತೇನೆ. ಮೇವು ಹಾಕಲು, ಲಾಯದ ಸಗಣಿ ಬಾಚಲು ಒಂದು ಕೈ ಕೊಡುತ್ತೇನೆ, ಬದಲಿಗೆ ಬೇಲಿ ಮೇಲೆ ಕೂತು ಸ್ಕೆಚ್ ಮಾಡಬಹುದು. ಯಜಮಾನರಿಗೆ ಎಪ್ಪತ್ತು ದಾಟಿದೆ. ಮಾತು ಕಮ್ಮಿ. ಮೊದಲ ಚಿತ್ರ ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಹಿಂಗಾಲಿನ ಮೇಲೆ ಬೆರಳಿಟ್ಟು, ಇದು ನನ್ನ ಕುದುರೆಯ ಕಾಲಲ್ಲ, ಊಟದ ಮೇಜಿನ ಕಾಲು ಅಂದರು.

ಅವರು ಹೇಳಿದ್ದು ಸರಿ. ಕುದುರೆಯ ಕಾಲನ್ನು ನಾವು ನಮ್ಮ ಕಾಲಿನ ಲೆಕ್ಕದಲ್ಲಿ ನೋಡುತ್ತೇವೆ, ಅಲ್ಲೇ ತಪ್ಪಾಗುವುದು. ಮುಂಗಾಲಿನಲ್ಲಿ ಮಂಡಿಯ ಹಾಗೆ ಕಾಣುವುದು ನಿಜಕ್ಕೂ ನಮ್ಮ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚಾಚಿರುವ ಕೀಲು ನಮ್ಮ ಹಿಮ್ಮಡಿ. ಗೊರಸು ಅಂದರೆ ಒಂದೇ ಬೆರಳಿನ ಉಗುರು. ಅಷ್ಟು ದೊಡ್ಡ ಮೈ ಕಾಲಿಗೊಂದು ಬೆರಳಿನ ತುದಿಯಲ್ಲಿ ನಿಂತಿದೆ! ಇದು ತಲೆಗೆ ಹೋದ ಮೇಲೆ ಮೇಜಿನ ಕಾಲು ಬರುವುದು ನಿಂತಿತು. ಪೂರ್ತಿ ನಿಂತಿಲ್ಲ, ಕಮ್ಮಿಯಾಯಿತು.

ಲಾಳ ಬಡಿಯುವವನು ಬಂದ ದಿನ ಇನ್ನೂ ಜಾಸ್ತಿ ಕಲಿತೆ. ನಮ್ಮ ಕಡೆಯ ನಾಲಬಂದರು ಎತ್ತನ್ನು ಹಗ್ಗ ಕಟ್ಟಿ ಕೆಡವಿ ನಾಲು ಬಡಿಯುತ್ತಿದ್ದರು. ಇಲ್ಲಿ ಕುದುರೆ ನಿಂತೇ ಇರುತ್ತದೆ. ಅವನು ಬೆನ್ನು ತಿರುಗಿಸಿ ಬಗ್ಗಿ, ಅದರ ಕಾಲನ್ನು ತನ್ನ ತೊಡೆಗಳ ನಡುವೆ ಹಿಡಿದುಕೊಳ್ಳುತ್ತಾನೆ. ಕುದುರೆ ನಿಧಾನವಾಗಿ ತನ್ನ ಭಾರವನ್ನೂ ಅವನ ಮೇಲೇ ಬಿಡುತ್ತದೆ. ಆರೆಂಟು ವಾರಕ್ಕೊಮ್ಮೆ ಇದೇ ಕೆಲಸ. ನಾಲ್ಕನೇ ಚಿತ್ರ ಇದೇ.

ಕಾಲಿನ ವಿಷಯಕ್ಕೇ ಫೋರ್ಟ್ ವರ್ತ್‌ನ ಆಮನ್ ಕಾರ್ಟರ್ ಮ್ಯೂಸಿಯಂಗೂ ಹೋಗಿಬಂದೆ. ಪ್ರವೇಶ ಉಚಿತ. ಅಮೆರಿಕದ ಪಶ್ಚಿಮದ ಕೌಬಾಯ್, ಕುದುರೆಗಳನ್ನು ಬರೆದ ರೆಮಿಂಗ್ಟನ್ ಮತ್ತು ರಸೆಲ್ ಅವರ ಕೆಲಸ ಅಲ್ಲಿ ಧಾರಾಳವಾಗಿದೆ. 1961ರಲ್ಲಿ ಮ್ಯೂಸಿಯಂ ಶುರುವಾಗಿದ್ದೇ ಅವರಿಬ್ಬರ ಸಂಗ್ರಹ ಇಟ್ಟುಕೊಂಡು. ನನಗೆ ರಸೆಲ್ ಇಷ್ಟ. ಮೊಂಟಾನಾದಲ್ಲಿ ಸ್ವತಃ ದನ ಕಾದವನು, ಅದು ಕುದುರೆ ನಿಲ್ಲುವ ರೀತಿಯಲ್ಲೇ ಗೊತ್ತಾಗುತ್ತದೆ. ಹಳೆಯ ಚಿತ್ರಗಳಲ್ಲಿ ಓಡುವ ಕುದುರೆ ನಾಲ್ಕೂ ಕಾಲು ಹಿಂದೆ ಮುಂದೆ ಚಾಚಿ ಹಾರುತ್ತದಲ್ಲ, ಅದು ಸುಳ್ಳು ಅಂತ 1878ರಲ್ಲಿ ಮೈಬ್ರಿಜ್ ಸಾಲು ಫೋಟೋ ತೆಗೆದು ತೋರಿಸಿದ. ನಾಲ್ಕೂ ಕಾಲು ನೆಲ ಬಿಡುವುದು ನಿಜ. ಆದರೆ ಆಗ ಕಾಲುಗಳು ಹೊಟ್ಟೆಯ ಕೆಳಗೆ ಮುದುಡಿಕೊಂಡಿರುತ್ತವೆ. ನನ್ನ ಎರಡನೇ ಚಿತ್ರದ ಕುದುರೆ ಇನ್ನೂ 1878ಕ್ಕಿಂತ ಹಿಂದೆಯೇ ಓಡುತ್ತಿತ್ತು.

ಹಾಳಾಗಿದ್ದಕ್ಕೆ ಇನ್ನೊಂದು ಕಾರಣ ಇದೆ. ಮೂರರಲ್ಲೂ ಎಲ್ಲೋ ಒಂದು ಶಿಲುಬೆ ಸೇರಿಸಿದ್ದೆ. ಬೇಲಿ ಕಂಬದಲ್ಲಿ ಶಿಲುಬೆ, ಗಾಳಿಯಂತ್ರದ ನೆರಳಲ್ಲಿ ಶಿಲುಬೆ, ಮೋಡದಲ್ಲಿ ಶಿಲುಬೆ. ಗೋಡೆಗೆ ಒರಗಿಸಿ ದೂರದಿಂದ ನೋಡಿದರೆ ಸಭೆಯಿಂದ ಹೊಸ ವರ್ಷಕ್ಕೆ ಕೊಡುವ ಕ್ಯಾಲೆಂಡರ್. ಮೂರನ್ನೂ ಒರೆಸಿದೆ.

ಫೆಬ್ರವರಿ 20, ಗುರುವಾರ

ಉತ್ತರದ ಗಾಳಿ ಬೀಸಿ ತೊಟ್ಟಿಯ ನೀರೆಲ್ಲ ಮಂಜುಗಡ್ಡೆ. ಬೆಳಿಗ್ಗೆ ಕೊಡಲಿ ಹಿಡಿದು ಒಡೆದೆವು. ಯಜಮಾನರ ಕಂದು ಹೆಣ್ಣು ಕುದುರೆ ಪಕ್ಕದಲ್ಲೇ ನಿಂತು ಕಾಯುತ್ತಿತ್ತು. ಮೂಗಿನಿಂದ ಹಬೆ.

ಐದನೇ ಚಿತ್ರ ಆ ಹಬೆ. ಇದ್ದಿಲಲ್ಲಿ ಬಿಳಿ ಬಣ್ಣ ಇಲ್ಲ. ಬಿಳಿ ಸೀಮೆಸುಣ್ಣ ಹಾಕುವವರಿದ್ದಾರೆ, ನನಗೆ ಹಿಡಿಸುವುದಿಲ್ಲ. ಬಿಳಿ ಬೇಕಾದಲ್ಲಿ ಕಾಗದವನ್ನು ಬಿಟ್ಟುಕೊಡಬೇಕು, ಇಲ್ಲವೇ ಕಪ್ಪು ಹಾಕಿ ಆಮೇಲೆ ತೆಗೆಯಬೇಕು. ಹಬೆಗೆ ಎರಡನೇ ದಾರಿ ಹಿಡಿದೆ. ವಿಲ್ಲೋ ಮರದ ಕಡ್ಡಿಯ ಇದ್ದಿಲನ್ನು ಅಡ್ಡ ಮಲಗಿಸಿ ಇಡೀ ಹಾಳೆಗೆ ಸವರಿ, ಹಳೆಯ ಬನಿಯನ್ ತುಂಡಿನಿಂದ ತಿಕ್ಕಿದೆ. ಹಾಳೆ ಪೂರ್ತಿ ಬೂದು ಬಣ್ಣಕ್ಕೆ ಬಂತು. ಕುದುರೆಯ ತಲೆಯನ್ನು ಅದರ ಮೇಲೆ ಗಟ್ಟಿ ಇದ್ದಿಲಿನಿಂದ ಬರೆದೆ. ಗಟ್ಟಿಯದರಲ್ಲಿ ಅಂಟು ಸೇರಿಸಿರುತ್ತಾರೆ. ಅದು ಕಡುಕಪ್ಪು, ಆದರೆ ಒಮ್ಮೆ ಕೂತರೆ ಏಳುವುದಿಲ್ಲ. ಕೊನೆಗೆ ನಾದುವ ರಬ್ಬರ್ ತೆಗೆದುಕೊಂಡೆ. ಚಪಾತಿ ಹಿಟ್ಟಿನ ಹಾಗೆ ಇರುತ್ತದೆ ಅದು. ತುದಿ ಚೂಪು ಮಾಡಿ ಮೂಗಿನ ಹೊಳ್ಳೆಯ ಮುಂದೆ ಒತ್ತಿದೆ, ಎತ್ತಿದೆ. ಉಜ್ಜಬಾರದು. ಒತ್ತಬೇಕು, ಎತ್ತಬೇಕು. ಹತ್ತು ಸಲ ಮಾಡಿದ ಮೇಲೆ ಹಬೆ ಬಂತು.

ಕಣ್ಣಿಗೆ ಎರಡು ಗಂಟೆ ಹಿಡಿಯಿತು. ಕುದುರೆಯ ಕಣ್ಣಿನ ಪಾಪೆ ಗುಂಡಗಿಲ್ಲ, ಅಡ್ಡಕ್ಕೆ ಉದ್ದ. ತಲೆಯ ಪಕ್ಕಕ್ಕಿರುವ ಕಣ್ಣು, ಹಾಗಾಗಿ ಹಿಂದಿನದೂ ಬಹುಪಾಲು ಕಾಣುತ್ತದೆ. ಹೊಳಪನ್ನು ಎಲ್ಲೆಂದರಲ್ಲಿ ಚುಕ್ಕಿ ಇಟ್ಟರೆ ಗೊಂಬೆಯ ಕಣ್ಣಾಗುತ್ತದೆ. ಅದರಲ್ಲಿ ಕಾಣುವುದು ಆಕಾಶ, ಆದ್ದರಿಂದ ಮೇಲ್ಭಾಗದಲ್ಲೇ ಬರಬೇಕು, ಅದರ ಮೇಲೆ ರೆಪ್ಪೆಕೂದಲ ನೆರಳೂ ಬೀಳಬೇಕು.

ಇದರಲ್ಲಿ ಶಿಲುಬೆ ಇಲ್ಲ, ವಚನ ಇಲ್ಲ. ಯಜಮಾನರು ನೋಡಿ ಕುದುರೆಯ ಹೆಸರು ಹೇಳಿದರು, ಅಷ್ಟೇ. ನನಗೆ ಅಷ್ಟು ಸಾಕಾಯಿತು.

ಮಾರ್ಚ್ 5, ಬೂದಿ ಬುಧವಾರ

ಸಂಜೆ ಊರಿನ ಮೆಥೋಡಿಸ್ಟ್ ದೇವಾಲಯದಲ್ಲಿ ಹಣೆಗೆ ಬೂದಿ. ಹೋದ ವರ್ಷ ಗರಿಗಳ ಭಾನುವಾರ ಹಿಡಿದ ಗರಿಗಳನ್ನು ಸುಟ್ಟು ಮಾಡಿದ್ದು. ಮನೆಗೆ ಬಂದು ಹಾಗೇ ಚಿತ್ರಕ್ಕೆ ಕೂತೆ, ನಡುವೆ ಬೆವರು ಒರೆಸಿಕೊಂಡೆ ಅಂತ ಕಾಣುತ್ತದೆ. ಯಾವುದು ಬೂದಿ, ಯಾವುದು ಇದ್ದಿಲು ಅಂತ ಹೆಂಡತಿಗೆ ಗೊತ್ತಾಗಲಿಲ್ಲ. ಎರಡನ್ನೂ ತೊಳೆದುಕೊಂಡು ಬಾ, ಊಟಕ್ಕೆ ಹೊತ್ತಾಯಿತು ಅಂದಳು.

ಮಾರ್ಚ್ 9, ಭಾನುವಾರ

ಏಳನೇ ಚಿತ್ರ ದೊಡ್ಡ ಆಸೆ ಇಟ್ಟುಕೊಂಡು ಮಾಡಿದ್ದು. ಬೈಬಲಿನ ಕೊನೆಯ ಪುಸ್ತಕ ಪ್ರಕಟಣೆ, ಅದರ 19ನೇ ಅಧ್ಯಾಯದ ಬಿಳಿ ಕುದುರೆ, ಅದರ ಮೇಲೆ ಸವಾರಿ ಮಾಡುವ ಕರ್ತನು. ಮೂರು ವಾರಾಂತ್ಯ ಹೋಯಿತು. ಜೂಲು ಹಾರುತ್ತಿದೆ, ಬಟ್ಟೆ ಹಾರುತ್ತಿದೆ, ಮೋಡ ಸೀಳುತ್ತಿದೆ. ವಿಡಿಯೋ ಕಾಲ್‌ನಲ್ಲಿ ಅವ್ವನಿಗೆ ತೋರಿಸಿದೆ.

"ಅಲ್ಲೋ, ಯೇಸಪ್ಪ ಊರೊಳಗ ಬಂದದ್ದು ಕತ್ತೆ ಮ್ಯಾಲ. ನೀ ಯಾಕ ಕುದ್ರಿ ಮ್ಯಾಲ ಕುಂದರ್ಸೀದಿ?"

"ಅವ್ವಾ, ಇದು ಪ್ರಕಟಣೆಯೊಳಗ ಐತಿ."

"ಇದ್ದೀತು. ಆದ್ರ ಇಂವ ಸಿನಿಮಾದಾಂವ ಇದ್ದಂಗ ಕಾಣ್ತಾನ. ಮತ್ತ ಕುದ್ರಿಗೆ ಇಷ್ಟ್ಯಾಕ ಸಿಟ್ಟು ಬಂದೈತಿ?"

ಸಿಟ್ಟಲ್ಲ ಅದು, ಮಹಿಮೆ ಅಂತ ಹೇಳಹೊರಟವನು ಚಿತ್ರ ನೋಡಿ ಸುಮ್ಮನಾದೆ. ಸಿಟ್ಟೇ.

ಮಾರ್ಚ್ 22, ಶನಿವಾರ

ಒಂದು ನಷ್ಟದ ವರದಿ. ಹಬೆಯ ಚಿತ್ರವನ್ನು ಫ್ರೇಮ್ ಹಾಕಿಸಲು ಕೊಟ್ಟಿದ್ದೆ. ಅಂಗಡಿಯವರು ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಿದರು, ನಡುವೆ ಅಂತರ ಬಿಡುವ ರಟ್ಟೂ ಇಲ್ಲ. ಅಕ್ರಿಲಿಕ್ ಒರೆಸಿದರೆ ಅದರಲ್ಲಿ ಸ್ಥಿರವಿದ್ಯುತ್ ಹುಟ್ಟುತ್ತದೆ. ತಲೆಗೂದಲಿಗೆ ಉಜ್ಜಿದ ಬಾಚಣಿಗೆ ಕಾಗದದ ಚೂರು ಎಳೆಯುವುದಿಲ್ಲವಾ, ಹಾಗೆ ಇದ್ದಿಲ ಪುಡಿಯನ್ನು ಎಳೆದುಕೊಳ್ಳುತ್ತದೆ. ಅರ್ಧ ಕುದುರೆ ಈಗ ಅಕ್ರಿಲಿಕ್ ಮೇಲಿದೆ. ಇದ್ದಿಲು ಉದುರದ ಹಾಗೆ ಸಿಂಪಡಿಸುವ ಫಿಕ್ಸೆಟಿವ್ ಕಮ್ಮಿ ಹೊಡೆದಿದ್ದು ನನ್ನ ತಪ್ಪು. ಜಾಸ್ತಿ ಹೊಡೆದರೆ ತಿಳಿ ಬೂದುಗಳೆಲ್ಲ ಕಪ್ಪಾಗುತ್ತವೆ ಅನ್ನುವ ಹೆದರಿಕೆಗೆ ಹಾಗೆ ಮಾಡಿದ್ದು. ಇನ್ನು ಮುಂದೆ ಗಾಜು, ನಡುವೆ ದಪ್ಪ ರಟ್ಟು.

ಒಳ್ಳೆಯದು ಎಂಟನೇ ಚಿತ್ರ. ಇಲ್ಲಿ ಕೌಬಾಯ್ ಚರ್ಚ್ ಅಂತ ಇವೆ. ತಗಡಿನ ಶೆಡ್ಡಿನಲ್ಲಿ ಆರಾಧನೆ, ಪಕ್ಕದಲ್ಲೇ ಕುದುರೆ ಅಖಾಡ. ಪ್ರಾರ್ಥನೆ ಅಂದ ಕೂಡಲೇ ಟೋಪಿಗಳೆಲ್ಲ ಒಟ್ಟಿಗೆ ಇಳಿಯುತ್ತವೆ, ಬಿಸಿಲು ಕಾಣದ ಬಿಳಿ ಹಣೆಗಳು ಸಾಲಾಗಿ ಹೊರಬರುತ್ತವೆ. ದೀಕ್ಷಾಸ್ನಾನ ದನಕ್ಕೆ ನೀರಿಡುವ ತಗಡಿನ ತೊಟ್ಟಿಯಲ್ಲಿ. ಅವತ್ತು ಒಬ್ಬ ಹುಡುಗ ಜೀನ್ಸ್ ಹಾಕಿಕೊಂಡೇ ಇಳಿದ, ಬೂಟು ಮಾತ್ರ ಹೊರಗೆ ಬಿಟ್ಟಿದ್ದ. ಬೇಲಿಗೆ ಕಟ್ಟಿದ್ದ ಕುದುರೆ ಒಂದು ಹಿಂಗಾಲು ಸಡಿಲ ಬಿಟ್ಟು, ಗೊರಸಿನ ತುದಿ ನೆಲಕ್ಕೆ ತಾಗಿಸಿ, ಅರ್ಧ ನಿದ್ದೆಯಲ್ಲಿತ್ತು. ಚಿತ್ರದಲ್ಲಿ ಹುಡುಗ ಇಲ್ಲ. ಕುದುರೆ, ತೊಟ್ಟಿಯ ಅಂಚು, ಆ ಎರಡು ಬೂಟು. ಅಷ್ಟೇ ಬರೆದೆ.

ಏಪ್ರಿಲ್ 5, ಶನಿವಾರ

ಹನ್ನೆರಡಾಗುವುದಿಲ್ಲ, ಒಪ್ಪಿಕೊಂಡೆ. ಸರಿ ಬಂದವು ಐದು: ಲಾಳ, ಜೀನು ಕೊಠಡಿ, ಬೂಟು, ಕಟಿಂಗ್‌ನ ಇಳಿದ ಕೈ, ಮತ್ತೆ ಬರೆದ ಹಬೆ. ಬಿಳಿ ಕುದುರೆಯನ್ನು ಬನಿಯನ್ ತುಂಡಿನಿಂದ ಒರೆಸಿದೆ. ಆ ಹಾಳೆ ಈಗ ಒಳ್ಳೆಯ ಬೂದು ಬಣ್ಣಕ್ಕೆ ಬಂದಿದೆ, ಬಿಸಾಡಲು ಮನಸ್ಸಿಲ್ಲ.

ಅವ್ವನ ಮಾತು ತಲೆಯಲ್ಲಿ ಉಳಿದಿತ್ತು. ಯೋಬ 39ನ್ನು ಮತ್ತೆ ತೆಗೆದು ಈ ಸಲ ಮೊದಲಿನಿಂದ ಓದಿದೆ. ಕುದುರೆ ಬರುವುದು 19ಕ್ಕೆ. 5ನೇ ವಚನದಲ್ಲೇ ಕಾಡುಕತ್ತೆ ಇದೆ! ಅದನ್ನು ಕಟ್ಟು ಬಿಚ್ಚಿ ಬಿಟ್ಟವರು ಯಾರು ಅಂತ ದೇವರು ಕೇಳುತ್ತಾನೆ. ಜನವರಿಯಿಂದ ಅದನ್ನು ದಾಟಿಕೊಂಡೇ ಓದುತ್ತಿದ್ದೆ.

ರಾಂಚಿನಲ್ಲೂ ಒಂದು ಕತ್ತೆ ಇದೆ. ಕರುಗಳ ಜೊತೆ ಬಿಟ್ಟಿರುತ್ತಾರೆ. ತೋಳದ ಜಾತಿಯ ಕಯೋಟಿ ಬಂದರೆ ಕತ್ತೆ ಓಡುವುದಿಲ್ಲ, ತಿರುಗಿ ಅಟ್ಟಿಸಿಕೊಂಡು ಹೋಗುತ್ತದೆ, ಕಚ್ಚುತ್ತದೆ, ಒದೆಯುತ್ತದೆ. ಇಷ್ಟು ತಿಂಗಳು ನಾನು ಬೇಲಿ ಮೇಲೆ ಕೂತಾಗೆಲ್ಲ ಹಿಂದಿನಿಂದ ಬಂದು ನನ್ನ ಸ್ಕೆಚ್ ಪುಸ್ತಕದ ಮೂಲೆ ಜಗಿಯುತ್ತಿದ್ದದ್ದು ಇದೇ. ಒಂದು ಸಲವೂ ಬರೆದಿರಲಿಲ್ಲ. ಮೇಲಿನಿಂದ ನೋಡಿದರೆ ಬೆನ್ನುದ್ದಕ್ಕೂ ಒಂದು ಕಪ್ಪು ಗೆರೆ, ಹೆಗಲ ಮೇಲೆ ಅಡ್ಡ ಇನ್ನೊಂದು. ಕರ್ತನನ್ನು ಯೆರೂಸಲೇಮಿಗೆ ಹೊತ್ತು ತಂದದ್ದಕ್ಕೆ ಸಿಕ್ಕ ಗುರುತು ಅಂತ ಕ್ರೈಸ್ತರಲ್ಲಿ ಹಳೆಯ ಕತೆ. ಆಫ್ರಿಕಾದ ಕಾಡುಕತ್ತೆಯಿಂದ ಬಂದ ಗೆರೆ ಅನ್ನುವುದೂ ನಿಜ. ಮೂರು ಚಿತ್ರದಲ್ಲಿ ಶಿಲುಬೆ ಒರೆಸಿದವನು ನಾನು. ಇದನ್ನು ಇದ್ದ ಹಾಗೇ ಬರೆಯಬೇಕು, ಬೇರೆ ದಾರಿ ಇಲ್ಲ.

ಏಪ್ರಿಲ್ 13, ಗರಿಗಳ ಭಾನುವಾರ

ಕತ್ತೆಯನ್ನು ಆ ಒರೆಸಿದ ಹಾಳೆಯ ಮೇಲೇ ಬರೆದೆ. ಪಕ್ಕದಿಂದ, ತಲೆ ಸ್ವಲ್ಪ ಇತ್ತ ತಿರುಗಿದೆ. ಹಿಂದೆ ಬಿಳಿ ಕುದುರೆಯ ಜೂಲಿನ ಮಸುಕು ಅಲ್ಲಲ್ಲಿ ಉಳಿದಿತ್ತು, ಅದೇ ಹುಲ್ಲಾಯಿತು. ಹೆಗಲ ಗೆರೆಗೆ ಗಟ್ಟಿ ಇದ್ದಿಲು ಬಳಸಲಿಲ್ಲ. ಅದು ಕೂದಲ ಬಣ್ಣ, ಮೇಲೆ ಬಳಿದದ್ದಲ್ಲ. ವಿಲ್ಲೋ ಕಡ್ಡಿಯಿಂದ ಕೂದಲು ಬೆಳೆದ ದಿಕ್ಕಿಗೇ ಎಳೆದು ಬೆರಳಿನಿಂದ ಒಮ್ಮೆ ಒತ್ತಿದೆ. ಕುದುರೆಗಳಿಗೆ ಇಷ್ಟು ಸುಲಭಕ್ಕೆ ಯಾವತ್ತೂ ಕೈ ಓಡಿರಲಿಲ್ಲ.

ಸಭೆ ಮುಗಿಸಿ ಬಂದು ಅವ್ವನಿಗೆ ತೋರಿಸಿದೆ. ಅವ್ವ ಕನ್ನಡಕ ಹಾಕಿಕೊಂಡು ಫೋನ್ ಹತ್ತಿರ ಹಿಡಿದು ನೋಡಿದಳು.

"ಛಲೋ ಆಗೇತಿ. ಕಿವಿ ಎಲ್ಲಿ ಹ್ವಾದ್ವೋ?"

ಮೂರು ತಿಂಗಳು ಕುದುರೆಯ ಕಿವಿಗೆ ಜಾಗ ಬಿಟ್ಟು ರೂಢಿಯಾದ ಕೈ. ಕತ್ತೆಯ ಕಿವಿ ಎರಡೂ ಅರ್ಧಕ್ಕೇ ಕಾಗದದ ಅಂಚು ದಾಟಿ ಹೋಗಿವೆ. ಮಧ್ಯಾಹ್ನ ಹೊಸ ಹಾಳೆ ಹಚ್ಚಿ, ಈ ಸಲ ಮೊದಲು ಕಿವಿ ಬರೆದೆ.