ಒಂದೋ, ಅರವತ್ತೋ?
ಪ್ರಾಚೀನ ಇರಾಕಿನ ಬ್ಯಾಬಿಲೋನಿನವರು ನಮ್ಮ ಹಾಗೆ ಹತ್ತರಲ್ಲಲ್ಲ, ಅರವತ್ತರಲ್ಲಿ ಸ್ಥಾನ ಬದಲಿಸುತ್ತಿದ್ದರು. ಹಾಗಾಗಿ ಅವರ ಲೆಕ್ಕದಲ್ಲಿ 1ಕ್ಕೂ 60ಕ್ಕೂ ಒಂದೇ ಗುರುತು. ಹಸಿ ಜೇಡಿಮಣ್ಣಿನ ಮೇಲೆ ಜೊಂಡಿನ ಕಡ್ಡಿಯಿಂದ ನೆಟ್ಟಗೆ ಒಂದು ಒತ್ತು, ಅಷ್ಟೇ. ಯಾವುದು ಅಂತ ಅಕ್ಕಪಕ್ಕ ನೋಡಿ ತಿಳಿಯಬೇಕು. ಇಂಥ ಅಂಕಿಗಳಲ್ಲೇ 2ರ ವರ್ಗಮೂಲವನ್ನು 1, 24, 51, 10 ಅಂತ ಬರೆದಿಟ್ಟಿದ್ದಾರೆ; ಬಲಕ್ಕೆ ಹೋದಂತೆ ಒಂದೊಂದು ಸ್ಥಾನದ ಬೆಲೆ ಹಿಂದಿನದರ ಅರವತ್ತನೇ ಒಂದು ಪಾಲು. ಆ ಪುಟ್ಟ ಮಣ್ಣಿನ ಹಲಗೆ ಈಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದೆ. ನಮ್ಮ ಲೆಕ್ಕಕ್ಕೆ ತಂದರೆ 1.41421ರ ತನಕ ಸರಿ!

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಒಂದು ಸಂಕೇತಸಂಖ್ಯೆ ಕೊಡುವ ಪಟ್ಟಿಯೇ ಯೂನಿಕೋಡ್. 2006ರಲ್ಲಿ ಅದರ 5.0 ಆವೃತ್ತಿ ಮೊಳೆಯಾಕಾರದ ಈ ಕ್ಯೂನಿಫಾರ್ಮ್ ಲಿಪಿಗೆ ಜಾಗ ಕೊಟ್ಟಿತು. 60ರ ಗುರುತು ಅಂಕಿಗಳ ವಿಭಾಗದಲ್ಲಿ, 12415ರಲ್ಲಿದೆ. 1ರದ್ದು ಮಾತ್ರ ಬೇರೆ ಅಕ್ಷರಗಳ ಜೊತೆ 12079ರಲ್ಲಿ ಕೂತಿದೆ. ನಮ್ಮ ಕಣ್ಣಿಗೆ ಎರಡೂ ಅದೇ ಮೊಳೆ, ಕಂಪ್ಯೂಟರಿಗೆ ಬೇರೆ ಬೇರೆ. ಬರೆದವನು ಹೇಳದೆ ಬಿಟ್ಟದ್ದನ್ನು ಟೈಪ್ ಮಾಡುವವರು ಮೊದಲೇ ತೀರ್ಮಾನಿಸಬೇಕು. ಸ್ವಲ್ಪ ಜಾಸ್ತಿಯೇ ಆಯ್ತು, ಅಲ್ವಾ?